ಬಡಗಣ ಗಾಳಿಯ ದಾರಿಯಲ್ಲಿ: ಹ್ಯೂಸ್ಟನ್‌ನಿಂದ ತೆಹುವಾಂಟೆಪೆಕ್‌ವರೆಗೆ

ಭಾನುವಾರ, ಹ್ಯೂಸ್ಟನ್

ಜೋಳ ತುಂಬಿ ಮುಗಿದಿತ್ತು. ಹಡಗಿನ ಐದೂ ಹೋಲ್ಡ್‌ಗಳಲ್ಲಿ, ಅಂದರೆ ಸರಕಿನ ಕೋಣೆಗಳಲ್ಲಿ, ಟೆಕ್ಸಾಸಿನ ಕೆಂಪು ಜೋಳ. ಪನಾಮಾ ಕಾಲುವೆ ದಾಟಿ ಚೀನಾಕ್ಕೆ ಹೋಗಬೇಕಾದ ಸರಕು. ಹೋಲ್ಡ್ ಮೇಲಿನ ಮುಚ್ಚಳ, ಹ್ಯಾಚ್, ಮುಚ್ಚಿ ಬಿಗಿದಾಗಿತ್ತು. ಆದರೆ ಹಡಗು ಬಿಡುವ ಹಾಗಿರಲಿಲ್ಲ. ಹ್ಯೂಸ್ಟನ್‌ನಿಂದ ಸಮುದ್ರ ಸೇರಲು ಸುಮಾರು 80 ಕಿಲೋಮೀಟರ್ ಉದ್ದದ ಇಕ್ಕಟ್ಟಾದ ಚಾನೆಲ್ ಇದೆ. ಅದರ ತುಂಬ ಮಂಜು ಕೂತಿತ್ತು. ಹಡಗುಗಳಿಗೆ ಚಾನೆಲ್‌ನಲ್ಲಿ ದಾರಿ ತೋರಿಸುವ ಪೈಲಟ್‌ಗಳು ಸಂಚಾರ ನಿಲ್ಲಿಸಿದ್ದರು.

ಈ ಮಂಜಿಗೂ ನಾವು ಮುಂದೆ ನೋಡಲಿದ್ದ ಗಾಳಿಗೂ ನಂಟಿದೆ. ಜನವರಿಯಲ್ಲಿ ಟೆಕ್ಸಾಸ್ ತೀರದ ಆಳವಿಲ್ಲದ ನೀರು ಚೆನ್ನಾಗಿ ತಣ್ಣಗಾಗಿರುತ್ತದೆ. ಉತ್ತರದಿಂದ ಕೋಲ್ಡ್ ಫ್ರಂಟ್, ಅಂದರೆ ನುಗ್ಗಿ ಬರುವ ತಣ್ಣನೆ ಗಾಳಿಯ ಮುಂದಿನ ಅಂಚು, ಹೊರಟಿತು ಅಂದರೆ ಅದರ ಮುಂದೆ ದಕ್ಷಿಣದ ಗಾಳಿ ಎದ್ದು ಕೆರಿಬಿಯನ್ ಕಡೆಯ ಬೆಚ್ಚನೆಯ ತೇವವನ್ನು ಹೊತ್ತು ತರುತ್ತದೆ. ಆ ತೇವ ತಣ್ಣನೆ ನೀರಿನ ಮೇಲೆ ಬಂದರೆ ಮಂಜು. ಫ್ರಂಟ್ ದಾಟಿದ ಮೇಲೆ ಒಣ ಗಾಳಿ ಬಂದು ಮಂಜನ್ನು ಗುಡಿಸಿ ಹಾಕುತ್ತದೆ. ಹಾಗಾಗಿ ಬೇಗ ಹೊರಟರೆ ಮಂಜಿನ ಕಾಟ, ಮಂಜು ಹರಿಯಲಿ ಅಂತ ಕಾದರೆ ಗಾಳಿಯ ಕಾಟ.

ನಾನು ಈ ಹಡಗಿನ ಸೆಕೆಂಡ್ ಆಫೀಸರ್. ನಕ್ಷೆಯಲ್ಲಿ ದಾರಿ ಹಾಕುವುದು, ಹವಾಮಾನ ನೋಡುವುದು ನನ್ನ ಕೆಲಸ. ರಾತ್ರಿ 12ರಿಂದ 4, ಮಧ್ಯಾಹ್ನ 12ರಿಂದ 4 ನನ್ನ ವಾಚ್, ಅಂದರೆ ಕಾವಲು ಪಾಳಿ. ಜೊತೆಗೆ ಕೆಲಸ ಕಲಿಯುತ್ತಿರುವ ಕುಮಟಾದ ಒಬ್ಬ ಕೆಡೆಟ್ ಹುಡುಗ. ಅವರ ಮನೆಯವರದು ಮೀನುಗಾರಿಕೆ ಬೋಟು. ಸಮುದ್ರ ಅವನಿಗೆ ಹೊಸದಲ್ಲ, ಆದರೆ ಈ ಸಮುದ್ರ ಹೊಸದು.

ಸಂಜೆ ಮಯಾಮಿಯ ವರದಿ ಬಂತು. ಅಲ್ಲಿರುವ ಅಮೆರಿಕದ ನ್ಯಾಷನಲ್ ಹರಿಕೇನ್ ಸೆಂಟರ್ ಅಂದರೆ ಎಲ್ಲರಿಗೂ ಹರಿಕೇನ್ ಮಾತ್ರ ನೆನಪಾಗುತ್ತದೆ. ಹರಿಕೇನ್ ಕಾಲ ನವೆಂಬರ್ 30ಕ್ಕೆ ಮುಗಿಯುತ್ತದೆ. ಆದರೆ ಅಲ್ಲಿನ ಒಂದು ವಿಭಾಗ ವರ್ಷವಿಡೀ, ಆರು ಗಂಟೆಗೊಮ್ಮೆ, ಮೆಕ್ಸಿಕೊ ಕೊಲ್ಲಿ, ಕೆರಿಬಿಯನ್, ಪೂರ್ವ ಪೆಸಿಫಿಕ್‌ನ ನಾವಿಕರಿಗಾಗಿ ಮುನ್ಸೂಚನೆ ಬರೆಯುತ್ತದೆ. ಹಡಗಿಗೆ ಅದು ಉಪಗ್ರಹದ ಮೂಲಕ ಅಕ್ಷರಗಳಲ್ಲಿ ಬರುತ್ತದೆ. ಚಿತ್ರವಿಲ್ಲ, ಬಣ್ಣವಿಲ್ಲ. ಅವತ್ತಿನ ಸಾರ ಇಷ್ಟು: ಸೋಮವಾರ ಸಂಜೆ ಫ್ರಂಟ್ ಟೆಕ್ಸಾಸ್ ತೀರ ದಾಟುತ್ತದೆ, ಬುಧವಾರ ಕ್ಯೂಬಾದ ಪಶ್ಚಿಮ ತುದಿಯಿಂದ ಮೆಕ್ಸಿಕೊದ ಯುಕಟಾನ್‌ವರೆಗೆ ಚಾಚಿಕೊಳ್ಳುತ್ತದೆ, ಅದರ ಹಿಂದೆ ಗೇಲ್ ವಾರ್ನಿಂಗ್. ಗೇಲ್ ಅಂದರೆ 34ರಿಂದ 47 ನಾಟ್ ಗಾಳಿ; ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್.

ಸೋಮವಾರ, ಗಾಲ್ವೆಸ್ಟನ್ ಹೊರಗೆ

ನಸುಕಿನಲ್ಲಿ ಮಂಜು ಸ್ವಲ್ಪ ತೆಳುವಾಯಿತು. ಪೈಲಟ್ ಬಂದ, ಹಡಗು ಬಿಟ್ಟೆವು. ಗಾಲ್ವೆಸ್ಟನ್ ಹೊರಗೆ ಅವನನ್ನು ಇಳಿಸಿ ಆಗ್ನೇಯಕ್ಕೆ, ಯುಕಟಾನ್ ಜಲಸಂಧಿಯ ಕಡೆಗೆ ತಿರುಗಿಸಿದೆವು. ಅಲ್ಲಿಗೆ ಸುಮಾರು 650 ನಾಟಿಕಲ್ ಮೈಲಿ. ನಮ್ಮ ವೇಗ ಹನ್ನೆರಡೂವರೆ ನಾಟ್. ಫ್ರಂಟಿನ ವೇಗ ಹತ್ತಿರ ಹತ್ತಿರ ಅದರ ಎರಡರಷ್ಟು. ಎಲ್ಲಿ ಹಿಡಿಯುತ್ತದೆ ಅಂತ ಲೆಕ್ಕ ಹಾಕಿ ನಕ್ಷೆಯಲ್ಲಿ ಪೆನ್ಸಿಲ್ ಗುರುತು ಹಾಕಿದೆ: ಕೊಲ್ಲಿಯ ನಡುಮಧ್ಯ, ಮಂಗಳವಾರ ಬೆಳಗಿನ ಜಾವ.

ಕ್ಯಾಪ್ಟನ್ ಸಾಹೇಬರು ನಕ್ಷೆ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಡೆಕ್ ಮೇಲಿನ ಎಲ್ಲವನ್ನೂ ಸಂಜೆಯೊಳಗೆ ಮತ್ತೊಮ್ಮೆ ಕಟ್ಟಿಸಲು ಡೆಕ್ ಕೆಲಸಗಾರರ ಮುಖ್ಯಸ್ಥನಾದ ಬೋಸನ್‌ಗೆ ಹೇಳಿದರು. ಅಡುಗೆಮನೆಗೂ ಹೇಳಿ ಕಳಿಸಿದರು. 1993ರ ಮಾರ್ಚ್ ಬಿರುಗಾಳಿಯ ಕಥೆ ಈ ಕಡೆ ಓಡಾಡುವ ಹಳೇ ನಾವಿಕರಿಗೆಲ್ಲ ಗೊತ್ತು. 12ನೇ ತಾರೀಖು ಇದೇ ಕೊಲ್ಲಿಯಲ್ಲಿ ಬಲಿತು, ಅದರ ಫ್ರಂಟಿನ ಮುಂದೆ ಓಡಿದ ಗುಡುಗುಸಾಲು ಫ್ಲಾರಿಡಾವನ್ನೂ ಕ್ಯೂಬಾವನ್ನೂ ಹೊಡೆದು, ಮುಂದಿನ ಎರಡು ದಿನದಲ್ಲಿ ಅಮೆರಿಕದ ಪೂರ್ವ ಭಾಗದ ಬಹುಪಾಲನ್ನು ಹಿಮದಲ್ಲಿ ಹೂತಿತು. ಉಷ್ಣವಲಯದ ಅಂಚಿನ ನೀರು, ಬಿಸಿಲು, ಡಾಲ್ಫಿನ್ ಅಂತ ನಂಬಿ ಈ ಕೊಲ್ಲಿಯನ್ನು ಹಗುರಾಗಿ ತಗೊಳ್ಳುವವರು ಅದನ್ನೊಮ್ಮೆ ಓದಬೇಕು.

ಮಧ್ಯಾಹ್ನ ನಮ್ಮ ಹಡಗಿನ ಹವಾಮಾನ ವರದಿ ಕಳಿಸುವ ಹೊತ್ತು. ಗ್ರೀನಿಚ್ ಸಮಯ 00, 06, 12, 18 ಗಂಟೆಗೆ ಜಗತ್ತಿನ ಅನೇಕ ಹಡಗುಗಳು ತಾವು ನೋಡಿದ್ದನ್ನು ಬರೆದು ಕಳಿಸುತ್ತವೆ. ಕಡ್ಡಾಯ ಅಂತೇನಿಲ್ಲ, ಇಷ್ಟಪಟ್ಟು ಮಾಡುವ ಕೆಲಸ. ನನಗೆ ಇದರ ಮೇಲೆ ತುಂಬ ಮಮತೆ. ಕೆಡೆಟ್ ಮುನ್ಸೂಚನೆಯ ಹಾಳೆ ಪಕ್ಕದಲ್ಲಿಟ್ಟುಕೊಂಡು ಅದರಲ್ಲಿದ್ದ ಅಲೆಯ ಎತ್ತರವನ್ನೇ ಫಾರಂನಲ್ಲಿ ತುಂಬಲು ಹೊರಟ.

"ಆ ಹಾಳೆ ತಿರುಗಿಸಿಡು. ಮೊದಲು ಹೊರಗೆ ಹೋಗಿ ನೋಡಿ ಬಾ."

"ಎರಡೂ ಒಂದೇ ಅಲ್ವಾ ಸರ್?"

"ಅವರು ಹೇಳಿದ್ದನ್ನೇ ನಾವು ಅವರಿಗೆ ವಾಪಸ್ ಹೇಳಿದರೆ ಅವರಿಗೆ ಸಿಗೋದೇನು?"

ಹೋಗಿ ಹತ್ತು ನಿಮಿಷ ಬ್ರಿಡ್ಜ್ ರೆಕ್ಕೆಯಲ್ಲಿ, ಅಂದರೆ ಹಡಗು ನಡೆಸುವ ಕೋಣೆಯ ಪಕ್ಕದ ಬಯಲು ಜಗಲಿಯಲ್ಲಿ, ನಿಂತು ಬಂದ. ದಕ್ಷಿಣದ ಗಾಳಿ, ಅಲೆ ಒಂದೂವರೆ ಮೀಟರ್, ಅಲ್ಲಲ್ಲಿ ಬಿಳಿ ನೊರೆ. ಬಾರೋಮೀಟರ್ 1012 ಮಿಲಿಬಾರ್, ಇಳಿಯುತ್ತಿದೆ. ಸಂಜೆಗೆ 1008 ಆಯಿತು.

ಮಂಗಳವಾರ, ಕೊಲ್ಲಿಯ ನಡುವೆ

ರಾತ್ರಿ ವಾಚ್‌ಗೆ ಬಂದಾಗ ಗಾಳಿ ನೈರುತ್ಯಕ್ಕೆ ಸರಿದಿತ್ತು. ಜನವರಿಯ ಮಧ್ಯರಾತ್ರಿ 23 ಡಿಗ್ರಿ. ಅಂಗಿ ಮೈಗೆ ಅಂಟುತ್ತಿತ್ತು. ಬ್ರಿಡ್ಜ್ ಕಿಟಕಿಗಳ ಹೊರಮೈಯಲ್ಲಿ ನೀರ ಹನಿ. ಹಿಂದೆ ವಾಯುವ್ಯದಲ್ಲಿ ಸದ್ದಿಲ್ಲದ ಮಿಂಚು, ದಿಗಂತದ ಉದ್ದಕ್ಕೂ.

ಎರಡು ಗಂಟೆ ಹೊತ್ತಿಗೆ ರೇಡಾರ್‌ನಲ್ಲಿ ಅದು ಕಂಡಿತು. ಪರದೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಎಳೆದ ಹಳದಿ ಪಟ್ಟಿ, ನಮ್ಮ ಹಿಂದೆ 12 ಮೈಲಿ. ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ಅವರು ಜಾಕೆಟ್ ಹಾಕಿಕೊಂಡೇ ಬಂದರು, ಎಚ್ಚರವಾಗೇ ಇದ್ದಿರಬೇಕು. ಆಟೊಪೈಲಟ್ ಬಿಡಿಸಿ ನುರಿತ ನಾವಿಕನೊಬ್ಬನನ್ನು ಚುಕ್ಕಾಣಿಗೆ ನಿಲ್ಲಿಸಿದೆವು.

ಮೊದಲು ಮಳೆ. ದಪ್ಪ ಹನಿ, ಓರೆಯಾಗಿ. ನಂತರ ಒಂದೆರಡು ನಿಮಿಷ ಗಾಳಿ ಪೂರ್ತಿ ಬಿದ್ದುಹೋಯಿತು. ಚಿಮಣಿಯ ಹೊಗೆ ನೇರ ಹಿಂದಕ್ಕೆ ಎಳೆದುಕೊಳ್ಳುವುದು ಡೆಕ್ ದೀಪದ ಬೆಳಕಲ್ಲಿ ಕಂಡಿತು. ಕೆಡೆಟ್ ಬಾಗಿಲ ಬಳಿ ನಿಂತಿದ್ದ. "ಗಾಳಿ ತಿರುಗ್ತು ಸರ್" ಅಂದ, ಯಾವ ಯಂತ್ರವೂ ಅದನ್ನು ತೋರಿಸುವ ಮೊದಲು. ಅವನ ಕಿವಿಗೆ ಗೊತ್ತಾಗಿತ್ತು. ಅಷ್ಟರಲ್ಲಿ ಉತ್ತರ ವಾಯುವ್ಯದಿಂದ ಹೊಡೆಯಿತು. ಇಡೀ ಹಡಗು ಒಮ್ಮೆ ಬಲಕ್ಕೆ ವಾಲಿ ನಿಧಾನ ಎದ್ದಿತು. ಆಂಟೆನಾ ತಂತಿಗಳು ಒಂದೇ ಸ್ವರದಲ್ಲಿ ಊಳಿಟ್ಟವು.

ಆಗ ಗಾಳಿಮಾಪಕ ತೋರಿಸಿದ್ದು 26 ನಾಟ್. ಕೆಡೆಟ್ ಅದನ್ನೇ ಬರೆದುಕೊಂಡ. ಇಲ್ಲಿ ಒಂದು ವಿಷಯ ಇದೆ. ಯಂತ್ರ ತೋರಿಸುವುದು ಓಡುತ್ತಿರುವ ಹಡಗಿನ ಮೇಲೆ ಬೀಳುವ ಗಾಳಿಯನ್ನು. ಗಾಳಿ ಹಿಂದಿನಿಂದ ಬರುತ್ತಿದೆ, ನಾವೂ ಅದೇ ಕಡೆಗೆ ಹನ್ನೆರಡು ನಾಟ್‌ನಲ್ಲಿ ಓಡುತ್ತಿದ್ದೇವೆ. ಹಾಗಾದರೆ ನಿಜವಾದ ಗಾಳಿ 38 ನಾಟ್ ಸುಮಾರು. ಬೆನ್ನಿಗೆ ಬೀಳುವ ಗಾಳಿ ಯಾವಾಗಲೂ ತನ್ನ ಬಲ ಬಚ್ಚಿಡುತ್ತದೆ. ಡೆಕ್ ಮೇಲೆ ನಿಂತವನಿಗೆ ಪರವಾಗಿಲ್ಲ ಅನ್ನಿಸುತ್ತದೆ. ಅದೇ ಹಡಗನ್ನು ತಿರುಗಿಸಿ ಎದುರು ನಿಲ್ಲಿಸಿದರೆ ಗೊತ್ತಾಗುತ್ತದೆ. ಅವನ ಜೊತೆ ಕೂತು ಬಾಣ ಬರೆದು ಲೆಕ್ಕ ಮಾಡಿಸಿದೆ. ಬರೆದದ್ದನ್ನು ಅಳಿಸಿ ಸರಿಯಾದದ್ದನ್ನು ಹಾಕಿದ.

ನಾಲ್ಕು ಗಂಟೆಗೆ ವಾಚ್ ಬಿಡುವಾಗ ಉಷ್ಣಾಂಶ 15 ಡಿಗ್ರಿ. ಬಾರೋಮೀಟರ್ ತಳ ಮುಟ್ಟಿ ಸರಸರ ಏರುತ್ತಿತ್ತು. ಬ್ರಿಡ್ಜ್ ರೆಕ್ಕೆಯ ಕಂಬಿ ಮುಟ್ಟಿದರೆ ಕೈ ಹಿಂದೆಗೆಯುವಷ್ಟು ತಣ್ಣಗೆ.

ಹಗಲು ಅಲೆ ನಾಲ್ಕು ಮೀಟರ್ ಆಯಿತು. ಈ ಕೊಲ್ಲಿಯ ಅಲೆ ಅರಬ್ಬಿ ಸಮುದ್ರದ ಮಳೆಗಾಲದ ಅಲೆಯ ಹಾಗೆ ಉದ್ದವಾಗಿರುವುದಿಲ್ಲ. ಮೋಟು, ಕಡಿದಾದ ಅಲೆ, ಎಂಟು ಸೆಕೆಂಡಿಗೊಂದು. ಎಡ ಹಿಂಬದಿಯಿಂದ ಬಂದು ಹಡಗಿನ ಬಾಲ ಎತ್ತಿ ತಿರುಚುತ್ತಿತ್ತು.

ಸರಕಿನ ಹೊಣೆ ಹೊತ್ತ ಚೀಫ್ ಮೇಟ್‌ಗೆ ಜೋಳದ ಚಿಂತೆ. ಧಾನ್ಯದ ಹಡಗಿನಲ್ಲಿ ಗಾಳಿ ಆಡಿಸುವುದಕ್ಕೊಂದು ನಿಯಮ ಇದೆ: ಹೊರಗಿನ ಗಾಳಿ ಸರಕಿಗಿಂತ ಕನಿಷ್ಠ ಮೂರು ಡಿಗ್ರಿ ತಣ್ಣಗಿದ್ದರೆ ಮಾತ್ರ ಹೋಲ್ಡಿನ ಕಿಂಡಿ ತೆರೆಯಬಹುದು. ನಿನ್ನೆ ಹೊರಗೆ ಬಿಸಿ ತೇವ, ಒಳಗೆ ತಣ್ಣನೆ ಜೋಳ. ತೆರೆದಿದ್ದರೆ ಕಾಳಿನ ಮೇಲೆ ನೀರು ಕೂತು ಬೂಷ್ಟು ಹಿಡಿಯುತ್ತಿತ್ತು. ಇವತ್ತು ಗಾಳಿ ಒಣಗಿದೆ, ತಣ್ಣಗಿದೆ, ತೆರೆಯಲು ಹೇಳಿ ಮಾಡಿಸಿದ ಹಾಗಿದೆ. ಆದರೆ ಡೆಕ್ ಮೇಲೆಲ್ಲ ಉಪ್ಪುನೀರು ಎರಚುತ್ತಿದೆ. ಅವರು ಮಧ್ಯಾಹ್ನ ಎರಡು ಸಲ ಬಂದು ಕಿಟಕಿಯಿಂದ ನೋಡಿ ಹೋದರು. ಕಿಂಡಿ ತೆರೆಯಲಿಲ್ಲ. ಧಾರವಾಡದ ಕಡೆಯವನಾದ ನನಗೆ ಜೋಳ ಕೆಡುವುದು ಅಂದರೆ ಏನು ಅಂತ ಗೊತ್ತು. ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಬುಧವಾರ, ಯುಕಟಾನ್ ಜಲಸಂಧಿ

ಇಡೀ ಪಯಣದಲ್ಲಿ ನಾನು ಜಾಸ್ತಿ ಯೋಚಿಸಿದ್ದು ಈ ಜಾಗದ ಬಗ್ಗೆ. ಮೆಕ್ಸಿಕೊದ ಯುಕಟಾನ್‌ಗೂ ಕ್ಯೂಬಾದ ಸಾನ್ ಆಂಟೋನಿಯೊ ಭೂಶಿರಕ್ಕೂ ನಡುವೆ ಸುಮಾರು 200 ಕಿಲೋಮೀಟರ್. ಕೆರಿಬಿಯನ್‌ನ ಬಿಸಿನೀರೆಲ್ಲ ಈ ಬಾಗಿಲಿಂದ ಉತ್ತರಕ್ಕೆ ನುಗ್ಗುತ್ತದೆ. ಒಳಗೆ ಬಳಸಿಕೊಂಡು ಫ್ಲಾರಿಡಾ ಪಕ್ಕದಿಂದ ಹೊರಬಿದ್ದು ಗಲ್ಫ್ ಸ್ಟ್ರೀಮ್ ಆಗುತ್ತದೆ. ನೀರು ಉತ್ತರಕ್ಕೆ ಓಡುವಾಗ ಗಾಳಿ ಉತ್ತರದಿಂದ ಬಂದರೆ ಅಲೆಗಳು ಒತ್ತಿಕೊಂಡು ಗೋಡೆಯ ಹಾಗೆ ನಿಲ್ಲುತ್ತವೆ. ಅದೇ ಗಾಳಿ, ಅದೇ ವೇಗ, ಆದರೆ ಪ್ರವಾಹದ ಮೇಲೆ ಅಲೆಯ ಮುಖ ಬೇರೆ.

ಮುನ್ಸೂಚನೆಯಲ್ಲಿ ಅಲೆ ಮೂರೂವರೆ ಮೀಟರ್ ಅಂತಿತ್ತು. ಆ ಅಂಕಿ ಎಲ್ಲ ಅಲೆಗಳದ್ದಲ್ಲ. ಅಲೆಗಳಲ್ಲಿ ಎಲ್ಲಕ್ಕಿಂತ ದೊಡ್ಡವಾದ ಮೂರನೇ ಒಂದು ಪಾಲಿನ ಸರಾಸರಿ ಎತ್ತರ ಅದು. ಒಂಟಿ ಅಲೆಯೊಂದು ಅದರ ಎರಡರಷ್ಟಕ್ಕೆ ಹತ್ತಿರ ಬರಬಹುದು. ಪುಸ್ತಕದಲ್ಲಿ ಓದಿ ಮರೆಯುವ ಈ ಮಾತನ್ನು ನಾನು ಕೆಡೆಟ್‌ಗೆ ಇಲ್ಲಿ ತೋರಿಸಿದೆ.

ಪ್ರವಾಹದ ಜೋರು ಪಶ್ಚಿಮಕ್ಕೆ, ಯುಕಟಾನ್ ಕಡೆಗೆ. ಕ್ಯೂಬಾ ಕಡೆ ಅದು ಸಡಿಲ. ಹಾಗಾಗಿ ದಾರಿಯನ್ನು ಪೂರ್ವಕ್ಕೆ ಎಳೆದು, ಸಾನ್ ಆಂಟೋನಿಯೊ ಹತ್ತಿರ ಹಡಗುಗಳಿಗೆ ಹೋಗಲು ಬರಲು ಬೇರೆ ಬೇರೆ ಗೆರೆ ಹಾಕಿರುವ ಪಥದಲ್ಲೇ ಹೋದೆವು. ಮಧ್ಯಾಹ್ನ ಮೂರರ ಹೊತ್ತಿಗೆ ಎಂಜಿನ್ ರೂಮಿನಿಂದ ಫೋನು: "ಸಮುದ್ರದ ನೀರು 26 ಡಿಗ್ರಿಗೆ ಏರಿದೆ, ಎಲ್ಲಿದ್ದೇವೆ?" ಗಾಲ್ವೆಸ್ಟನ್ ಹತ್ತಿರ ಅದು 15 ಇತ್ತು. ಬಿಸಿ ಪ್ರವಾಹದ ಅಂಚು ನಮಗಿಂತ ಮೊದಲು ಎಂಜಿನ್‌ಗೆ ತಿಳಿಯಿತು.

ಬ್ರಿಡ್ಜ್‌ನಿಂದಲೂ ಅದು ಕಂಡಿತು. ಮೇಲೆ ತಣ್ಣನೆ ಗಾಳಿ, ಕೆಳಗೆ ಬಿಸಿನೀರು. ಅಂಥ ಕಡೆ ಗಾಳಿ ಬುಡಮೇಲಾಗಿ ಕುದಿಯುತ್ತದೆ, ಎತ್ತರದ ರಭಸ ಕೆಳಗಿಳಿಯುತ್ತದೆ. ಗಾಳಿ ಒಂದೇ ಸಮ ಬೀಸುವುದು ಬಿಟ್ಟು ರಪ್ ರಪ್ ಅಂತ ಹೊಡೆಯಲು ಶುರುಮಾಡಿತು. ಮೋಡಗಳು ಗಾಳಿಯ ದಿಕ್ಕಿಗೆ ಸಾಲುಸಾಲಾಗಿ ನಿಂತವು. ಪಶ್ಚಿಮದ ದಿಗಂತ ಗರಗಸದ ಹಲ್ಲಿನಂತಿತ್ತು. ಅಲ್ಲಿ ಪ್ರವಾಹದ ಮೇಲೆ ಎದ್ದ ಅಲೆಗಳು ಬೈನಾಕ್ಯುಲರ್ ಇಲ್ಲದೇ ಕಾಣುತ್ತಿದ್ದವು. ಕ್ಯಾಪ್ಟನ್ ವೇಗ ತಗ್ಗಿಸಿದರು. ಕತ್ತಲಾದ ಮೇಲೆ ಭೂಶಿರದ ದೀಪ ಎಡಕ್ಕೆ ಬಂತು. ಅಲ್ಲಿಂದ ಅಲೆ ಸಣ್ಣದಾಯಿತು.

ಗುರುವಾರ, ವಾಯುವ್ಯ ಕೆರಿಬಿಯನ್

ಫ್ರಂಟ್ ಸುಸ್ತಾಗಿತ್ತು. ಕೆನಡಾ ಕಡೆಯಿಂದ ಹೊರಟ ತಣ್ಣನೆ ಗಾಳಿ ಎರಡು ದಿನ ಬಿಸಿನೀರಿನ ಮೇಲೆ ನಡೆದು ತಾನೇ ಬೆಚ್ಚಗಾಗಿತ್ತು. ಉಷ್ಣಾಂಶದಲ್ಲಿ ಈಗ ಹೆಚ್ಚಿನ ವ್ಯತ್ಯಾಸ ಇಲ್ಲ. ಉಳಿದದ್ದು ಒಂದು ಮೋಡದ ಗೆರೆ. ಅದರ ಉತ್ತರಕ್ಕೆ ಜೋರು ಈಶಾನ್ಯ ಗಾಳಿ, ದಕ್ಷಿಣಕ್ಕೆ ಮೆತ್ತನೆಯ ಪೂರ್ವದ ಗಾಳಿ. ಮಯಾಮಿಯವರು ಇದನ್ನು ಶಿಯರ್ ಲೈನ್ ಅನ್ನುತ್ತಾರೆ. ಕೋಲ್ಡ್ ಅನ್ನುವುದೇ ಉಳಿದಿಲ್ಲವಾದರೂ ಗಾಳಿ ಒತ್ತರಿಸಿಕೊಳ್ಳುವ ಕಡೆ ಮಳೆ ಸುರಿಯುತ್ತದೆ. ಹೊಂಡುರಾಸ್‌ನ ಉತ್ತರ ತೀರದ ಬೆಟ್ಟಗಳಿಗೆ ಇಂಥ ಗೆರೆಗಳು ಚಳಿಗಾಲದಲ್ಲಿ ದಿನಗಟ್ಟಲೆ ಮಳೆ ತರುತ್ತವೆ.

ನಾವು ಆ ಗೆರೆಯನ್ನು ಮಧ್ಯಾಹ್ನ ದಾಟಿದೆವು. ಅರ್ಧ ಗಂಟೆ ಮಳೆ, ಆಮೇಲೆ ಬಿಸಿಲು. 27 ಡಿಗ್ರಿ. ಎಲ್ಲರೂ ಬಟ್ಟೆ ಒಣಹಾಕಿದರು.

ಶುಕ್ರವಾರದಿಂದ ಶನಿವಾರ, ಕೊಲೊನ್

ಫ್ರಂಟಿನ ಹಿಂದೆ ಅಮೆರಿಕದ ಮೇಲೆ ಕೂತ ಅಧಿಕ ಒತ್ತಡಕ್ಕೂ ಕೊಲಂಬಿಯಾದ ಕಡಿಮೆ ಒತ್ತಡಕ್ಕೂ ನಡುವೆ ಎಳೆದಾಟ. ಅದರಿಂದ ವ್ಯಾಪಾರ ಮಾರುತ ಬಿಗಿಯಾಯಿತು. ಎಡಮಗ್ಗುಲಿಗೆ ಮೂರು ಮೀಟರ್ ಅಲೆ, ಹಗಲೂ ರಾತ್ರಿ ಹೊಯ್ದಾಟ. ನಿದ್ದೆ ಯಾರಿಗೂ ಸರಿಯಾಗಿ ಬರಲಿಲ್ಲ. ಅದರ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಶನಿವಾರ ರಾತ್ರಿ ಪನಾಮಾ ಕಾಲುವೆಯ ಕೆರಿಬಿಯನ್ ಬದಿಯ ಬಾಯಲ್ಲಿರುವ ಕೊಲೊನ್ ತಲುಪಿ ತಡೆಗೋಡೆಯೊಳಗೆ ಲಂಗರು ಹಾಕಿದೆವು. ಹಡಗು ಅಲುಗದೆ ನಿಂತಿತು.

ಮಂಗಳವಾರ, ಕಾಲುವೆ

ಸರದಿ ಬಂತು. ನೀರು ತುಂಬಿ ಹಡಗನ್ನು ಮೇಲೆತ್ತುವ ಗಾತುನ್ ಲಾಕ್‌ನ ಮೂರು ಮೆಟ್ಟಿಲು ಹತ್ತಿ, 26 ಮೀಟರ್ ಮೇಲಿನ ಸಿಹಿನೀರ ಸರೋವರ ದಾಟಿ, ರಾತ್ರಿ ಪೆಸಿಫಿಕ್‌ಗೆ ಇಳಿದೆವು. ಕಾಲುವೆಯ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ನನ್ನ ಗಮನ ಅವತ್ತು ಬೇರೆ ಕಡೆ ಇತ್ತು. ಸಂಜೆಯ ವರದಿಯಲ್ಲಿ ಇನ್ನೊಂದು ಫ್ರಂಟ್, ಮೊದಲಿನದಕ್ಕಿಂತ ಬಲವಾದದ್ದು, ಟೆಕ್ಸಾಸ್ ದಾಟಲಿತ್ತು. ಅದರ ಪಕ್ಕದಲ್ಲೇ ಪೆಸಿಫಿಕ್ ಭಾಗದಲ್ಲಿ, ಮೆಕ್ಸಿಕೊದ ದಕ್ಷಿಣ ತೀರದ ತೆಹುವಾಂಟೆಪೆಕ್ ಕೊಲ್ಲಿಗೆ ಗೇಲ್ ವಾರ್ನಿಂಗ್. ನಮ್ಮ ದಾರಿ ಸರಿಯಾಗಿ ಅದರ ಎದುರಿನಿಂದ.

ಗುರುವಾರ, ಪಾಪಗಾಯೊ ಕೊಲ್ಲಿಯ ಎದುರು

ಕೋಸ್ಟರಿಕಾ, ನಿಕರಾಗುವಾ ಗಡಿಯ ಹತ್ತಿರ ಬೆಟ್ಟಸಾಲು ತಗ್ಗಾಗಿದೆ. ಕೆರಿಬಿಯನ್ ಗಾಳಿ ಆ ಸಂದಿನಿಂದ ನುಸುಳಿ ಪೆಸಿಫಿಕ್‌ಗೆ ಬೀಳುತ್ತದೆ. ಪೂರ್ವ ಈಶಾನ್ಯದಿಂದ 25 ನಾಟ್, ಎರಡೂವರೆ ಮೀಟರ್ ಅಲೆ. ಮುಂದೆ ಬರುವುದಕ್ಕೆ ಇದು ಒಳ್ಳೆ ತಾಲೀಮು. ಕ್ಯಾಪ್ಟನ್ ನಕ್ಷೆ ಹರಡಿ ಕೂತರು. "ತೀರ ಹಿಡಿದು ಹೋಗೋಣವಾ, ಹೊರಗೆ ಹೋಗೋಣವಾ?" ಅಂತ ಕೇಳಿದರು.

ಸಣ್ಣ ಬೋಟುಗಳು ತೆಹುವಾಂಟೆಪೆಕ್ ದಾಟುವುದು ತೀರಕ್ಕೆ ಅಂಟಿಕೊಂಡು. ದಡದ ಹತ್ತಿರ ಗಾಳಿ ಅಷ್ಟೇ ಜೋರಿದ್ದರೂ ಅಲೆ ಬೆಳೆಯಲು ಜಾಗ ಸಾಲದು. ನಮ್ಮಂಥ ತುಂಬಿದ ಹಡಗಿಗೆ ದಡದ ಹತ್ತಿರದ ಆಳ ಸಾಲದು. ದಕ್ಷಿಣಕ್ಕೆ ಇಳಿದು 12 ಡಿಗ್ರಿ ಅಕ್ಷಾಂಶದ ಹತ್ತಿರ ದಾಟೋಣ ಅಂದೆ. ಒಪ್ಪಿದರು. ಒಂದಷ್ಟು ಮೈಲಿ ಜಾಸ್ತಿ, ಅರ್ಧ ದಿನ ತಡ. ಬಾಡಿಗೆ ಲೆಕ್ಕ ಹಾಕುವವರಿಗೆ ಅದು ನಷ್ಟ ಅಂತ ಕಾಣಬಹುದು. ಹ್ಯಾಚ್ ಮೇಲೆ ನೀರು ಬೀಳದಂತೆ ನೋಡಿಕೊಳ್ಳುವುದೇ ನಮ್ಮ ಲೆಕ್ಕ.

ಶನಿವಾರ, ತೆಹುವಾಂಟೆಪೆಕ್‌ನ ದಕ್ಷಿಣಕ್ಕೆ

ಬೆಳಿಗ್ಗೆ ಒಂದು ತುಣುಕು ಮೋಡ ಇರಲಿಲ್ಲ. ತೊಳೆದ ನೀಲಿ ಆಕಾಶ. ಇದೇ ಈ ಜಾಗದ ಮೋಸ. ಮೆಕ್ಸಿಕೊ ಕೊಲ್ಲಿಗೆ ಇಳಿದ ತಣ್ಣನೆ ಗಾಳಿ ಸಿಯೆರ್ರಾ ಮಾದ್ರೆ ಬೆಟ್ಟಗಳನ್ನು ಹತ್ತಲಾರದೆ ಅದರ ಬುಡಕ್ಕೇ ರಾಶಿ ಬೀಳುತ್ತದೆ. ತೆಹುವಾಂಟೆಪೆಕ್ ಭೂಸಂಧಿಯಲ್ಲಿ ಚಿವೇಲಾ ಕಣಿವೆ ಅಂತಿದೆ. ಸುಮಾರು 40 ಕಿಲೋಮೀಟರ್ ಅಗಲ, 200 ಮೀಟರ್ ಚಿಲ್ಲರೆ ಎತ್ತರ. ಎರಡೂ ಪಕ್ಕ ಸಾವಿರಾರು ಅಡಿಯ ಬೆಟ್ಟ. ಆ ಕಿಂಡಿಯಿಂದ ಗಾಳಿ ಪೆಸಿಫಿಕ್‌ಗೆ ಚಿಮ್ಮುತ್ತದೆ. ಕಣಿವೆಯ ಈಚೆ ಲಾ ವೆಂಟೋಸಾದಲ್ಲಿ ಲಾರಿಗಳು ಮಗುಚುತ್ತವೆ. ಅಲ್ಲೇ ದೊಡ್ಡ ದೊಡ್ಡ ಗಾಳಿಯಂತ್ರದ ಬಯಲುಗಳೂ ಎದ್ದಿವೆ.

ಈ ಗಾಳಿ ಎಷ್ಟು ಜೋರು, ಎಷ್ಟು ಸಲ ಬರುತ್ತದೆ ಅಂತ ಸ್ಪಷ್ಟವಾಗಿ ಕಂಡದ್ದು ಉಪಗ್ರಹದಿಂದ. 1999ರಲ್ಲಿ ಹಾರಿದ ಕ್ವಿಕ್‌ಸ್ಕ್ಯಾಟ್ 2009ರವರೆಗೆ ಸಮುದ್ರದ ಮೈಯ ಮೇಲಿನ ಸಣ್ಣ ಸುಕ್ಕುಗಳಿಂದ ಗಾಳಿ ಅಳೆಯಿತು. ನಮ್ಮ ಇಸ್ರೋದ ಓಷನ್‌ಸ್ಯಾಟ್-2, 2016ರ ಸ್ಕ್ಯಾಟ್‌ಸ್ಯಾಟ್-1 ಕೂಡ ಇದೇ ವಿದ್ಯೆಯವು. ಆದರೂ ಉಪಗ್ರಹ ಒಂದು ಜಾಗದ ಮೇಲೆ ದಿನಕ್ಕೆ ಒಂದೆರಡು ಸಲ ಹಾದುಹೋಗುತ್ತದೆ ಅಷ್ಟೆ. ನಡುವಿನ ಹೊತ್ತಿನಲ್ಲಿ ಅಲ್ಲಿರುವ ಹಡಗೇ ಕಣ್ಣು.

ಹನ್ನೊಂದರ ಹೊತ್ತಿಗೆ ಬಲಗಡೆಯಿಂದ ಉದ್ದನೆಯ ಅಲೆ ಬರಲು ಶುರುವಾಯಿತು. ಆಮೇಲೆ ಗಾಳಿ. ನೀರು 28 ಡಿಗ್ರಿಯಿಂದ 25ಕ್ಕೆ ಇಳಿಯಿತು. ಗಾಳಿ ಮೇಲಿನ ನೀರನ್ನು ತಳ್ಳಿ ಆಳದ ತಣ್ಣನೆ ನೀರನ್ನು ಮೇಲೆಳೆಯುತ್ತದೆ. ಬಣ್ಣವೂ ನೀಲಿಯಿಂದ ಹಸಿರಿಗೆ ತಿರುಗಿತು. ಆ ನೀರಿನ ಜೊತೆ ಮೀನಿನ ಆಹಾರವೂ ಬರುತ್ತದೆ. "ಇಲ್ಲಿ ಮೀನು ಚೆನ್ನಾಗಿರಬೇಕು ಸರ್" ಅಂದ ಕೆಡೆಟ್, ನೀರು ನೋಡುತ್ತಲೇ.

ಮಧ್ಯಾಹ್ನ 12ಕ್ಕೆ ಅವನೇ ರೆಕ್ಕೆಗೆ ಹೋದ. ಮುನ್ಸೂಚನೆಯ ಹಾಳೆ ಮೇಜಿನ ಮೇಲೆ ಬೋರಲು ಬಿದ್ದಿತ್ತು. ನೊರೆಯ ಗೆರೆಗಳು ಗಾಳಿಯ ದಿಕ್ಕಿಗೆ ಎಳೆದುಕೊಂಡಿರುವುದನ್ನು ನೋಡಿದ. ದಿಕ್ಸೂಚಿ ಹಿಡಿದು ಅಲೆ ಬರುವ ದಿಕ್ಕು ತೆಗೆದ. ಎರಡು ಅಲೆತಲೆಗಳ ನಡುವಿನ ಸಮಯವನ್ನು ಗಡಿಯಾರದಲ್ಲಿ ಹಲವು ಸಲ ಎಣಿಸಿದ. ಒಳಗೆ ಬಂದು ಹಡಗಿನ ಓಟವನ್ನೂ ಹಿಡಿದು ಬಾಣ ಬರೆದು ನಿಜವಾದ ಗಾಳಿ ಲೆಕ್ಕ ಮಾಡಿದ. ಉತ್ತರ ಈಶಾನ್ಯ 31 ನಾಟ್, ಅಲೆ ನಾಲ್ಕು ಮೀಟರ್, ಒಂಬತ್ತು ಸೆಕೆಂಡ್. ಹಾಳೆ ತಿರುಗಿಸಿ ನೋಡಿದೆವು. ನಾವಿದ್ದ ಜಾಗಕ್ಕೆ ಅವರು ಹೇಳಿದ್ದು ಮೂರು ಮೀಟರ್. ಅವನು ನನ್ನ ಮುಖ ನೋಡಿದ.

"ನೀನು ನೋಡಿದ್ದನ್ನೇ ಕಳಿಸು."

ಕಳಿಸಿದ. ಎರಡು ಗಂಟೆ ಕಳೆದಿರಬಹುದು, ಹತ್ತಿರದ ಹಡಗುಗಳ ಜೊತೆ ಮಾತಾಡುವ ವಿಎಚ್‌ಎಫ್ ರೇಡಿಯೊದಲ್ಲಿ ನಮ್ಮ ಹಡಗಿನ ಹೆಸರು ಕೇಳಿಸಿತು. ನಮ್ಮ ಹಿಂದೆ, ನಮಗಿಂತ ಉತ್ತರದಲ್ಲಿ ಬರುತ್ತಿದ್ದ ಒಂದು ಸಣ್ಣ ಕಾರ್ಗೊ ಹಡಗು. ಅಲ್ಲಿ ಮುಂದೆ ಹೇಗಿದೆ ಅಂತ ಕೇಳಿದರು. ಮೈಕನ್ನು ಕೆಡೆಟ್ ಕೈಗೆ ಕೊಟ್ಟೆ. ಅವನು ತನ್ನ ಅಂಕಿಗಳನ್ನು ಒಂದೊಂದಾಗಿ, ಅವಸರವಿಲ್ಲದೆ ಹೇಳಿದ. ಯಾವ ಅಕ್ಷಾಂಶದಲ್ಲಿ, ಎಷ್ಟು ಗಂಟೆಗೆ ನೋಡಿದ್ದು ಅನ್ನುವುದನ್ನೂ ಸೇರಿಸಿದ. ಆ ಕಡೆಯವರು ಎರಡನೇ ಸಲ ಕೇಳಿ ಬರೆದುಕೊಂಡರು. ಸ್ವಲ್ಪ ಹೊತ್ತಿಗೆ ರೇಡಾರ್‌ನಲ್ಲಿ ಅವರ ಗೆರೆ ದಕ್ಷಿಣಕ್ಕೆ ಬಾಗಿತು.